ಮಲೆನಾಡಿನ ಒಂಟಿಮನೇಲಿ ಮಳೆಗಾಲ ಕಳೀಬೇಕಂದ್ರೆ ಮೇ ತಿಂಗಳೊಳಗೆ ಏನೇನು ಆಗಿರ್ಬೇಕು

ನಮ್ಮ ಚಿಕ್ಕಪ್ಪನ ಮಗ ಬೆಂಗ್ಳೂರಿಂದ ಫೋನ್ ಮಾಡಿ, ಆಫೀಸ್ನೋರು ವರ್ಕ್ ಫ್ರಮ್ ಹೋಮ್ ಕೊಟ್ಟಿದಾರೆ, ಜೂನ್ ಕೊನೆಗೆ ಊರಿಗೆ ಬಂದು ಅಜ್ಜಯ್ಯನ ಹಳೇಮನೇಲಿ ಮೂರು ತಿಂಗಳು ಇರ್ತೀನಿ, ಬಂದ್ಮೇಲೆ ಒಂದೊಂದೇ ರಿಪೇರಿ ಮಾಡ್ಕೊಂಡ್ರಾಯ್ತು ಅಂದ. ನಂಗೆ ನಗು ತಡೆಯೋಕಾಗ್ಲಿಲ್ಲ. ಜೂನ್ ಕೊನೆ ಅಂದ್ರೆ ಆರಿದ್ರಾ ಮಳೆ ಮಾರಾಯ್ರೆ, ಆಗ ಹಂಚು ಹತ್ತೋ ಜನ ಸಿಗಲ್ಲ, ಸಿಕ್ರೂ ಹತ್ತೋಕಾಗಲ್ಲ, ಒಣಗಿದ ಕಡ್ಡಿ ಒಂದು ಸಿಗಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಮಾಡೋ ಕೆಲಸ ಅಂತ ಹೆಚ್ಚೇನಿಲ್ಲ, ಮಳೆಗಾಲದ ಕೆಲಸ ಎಲ್ಲಾ ಬೇಸಿಗೇಲೇ. ಅವನಿಗೆ ಅವತ್ತು ಒಂದು ಗಂಟೆ ಕೊರೆದಿದ್ದನ್ನೇ ಇಲ್ಲಿ ಬರೀತಿದೀನಿ, ಊರಿಗೆ ವಾಪಸ್ ಬರೋ ಪ್ಲ್ಯಾನ್ ಇರೋರಿಗೆ, ತೋಟ ತಗೊಂಡಿರೋರಿಗೆ ಉಪಯೋಗ ಆಗ್ಬೋದು.

ಮೊದ್ಲು ಮಳೆ ಎಷ್ಟು ಅನ್ನೋದು ತಲೇಲಿ ಕೂರ್ಬೇಕು. ಬೆಂಗ್ಳೂರಿಗೆ ಇಡೀ ವರ್ಷಕ್ಕೆ ಬೀಳೋದು ಹತ್ರ ಹತ್ರ 1000 ಮಿಲಿಮೀಟರ್. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ, ಅದರಲ್ಲಿ ಜುಲೈ ಒಂದೇ ತಿಂಗಳು ಬೆಂಗ್ಳೂರಿನ ಎರಡು ವರ್ಷದ ಮಳೆ ಸುರಿದುಬಿಡತ್ತೆ. ಹೊಸನಗರ ತಾಲೂಕಿನ ಹುಲಿಕಲ್, ಮಾಸ್ತಿಕಟ್ಟೆ, ಯಡೂರು ಈ ಕಡೆನೂ ಅದೇ ಕಥೆ. ಇಲ್ಲಿ ಊರು ಅಂದ್ರೆ ಬಯಲುಸೀಮೆ ಥರ ಒಂದು ಬೀದಿ, ಎರಡು ಸಾಲು ಮನೆ ಅಲ್ಲ, ಗುಡ್ಡಕ್ಕೊಂದು ಕಣಿವೆಗೊಂದು ಮನೆ, ಪಕ್ಕದ ಮನೆ ಅಂದ್ರೂ ನಡುವೆ ಒಂದು ಹಳ್ಳ, ಒಂದು ತೋಟ, ಅರ್ಧ ಮೈಲಿ ಕಾಡು ಇರತ್ತೆ. ಆದ್ದರಿಂದ ಮಳೆ ಹಿಡೀತು ಅಂದ್ರೆ ಮನೇಲಿ ಏನಿದ್ಯೋ ಅದೇ ಗತಿ.

ಹಂಚಿಂದ ಶುರು ಮಾಡಿ. ಏಪ್ರಿಲ್‌ನಲ್ಲೇ ಹಂಚು ಕೈಯಾಡಿಸೋರನ್ನ ಹಿಡ್ಕೊಂಬಿಡಿ, ಮೇ ಮೂರನೇ ವಾರ ಫೋನ್ ಮಾಡಿದ್ರೆ ಅವರು ನಿಮ್ಮ ನಂಬರೇ ಎತ್ತಲ್ಲ, ಇಡೀ ಊರಿಗೆ ಆ ಕೆಲಸ ಗೊತ್ತಿರೋರು ಈಗ ಇಬ್ರೋ ಮೂವರೋ ಉಳ್ಕೊಂಡಿರೋದು. ಮೇಲೆ ಹತ್ತಿದಾಗ ಒಡೆದ ಹಂಚು ಬದಲಾಯಿಸೋದು ಒಂದೇ ಅಲ್ಲ, ಹಂಚಿನ ಸಂದೀಲಿ ಕೂತಿರೋ ಒಣಎಲೆ, ಪಾಚಿ ಎಲ್ಲಾ ಗುಡಿಸಿ ತೆಗೀಬೇಕು, ಯಾಕಂದ್ರೆ ಬಹಳಷ್ಟು ಸಲ ಸೋರೋದು ಹಂಚು ಒಡೆದು ಅಲ್ಲ, ಎಲೆ ಕಟ್ಕೊಂಡು ನೀರು ಹಿಂದಕ್ಕೆ ಹತ್ತಿ. ಎರಡು ಮಾಡು ಸೇರೋ ಕಡೆ ನೀರು ಹರಿದು ಹೋಗೋ ತಗಡಿನ ದೋಣಿ ಇರತ್ತಲ್ಲ, ಅದು ತುಕ್ಕು ಹಿಡಿದಿದ್ರೆ ಟಾರ್ ಶೀಟ್ ಅಂಟಿಸಿ ಸುಮ್ನಾಗ್ಬೇಡಿ, ಹೊಸದು ಹಾಕ್ಸಿ. ಹಂಚು ಹೊರೋ ಮರದ ರೀಪು ಪಕಾಸಿಗೆ ಗೆದ್ದಲು ಹಿಡಿದಿದ್ಯಾ ಅಂತ ಒಂದು ಕೋಲಲ್ಲಿ ಕುಟ್ಟಿ ನೋಡಿ, ಟೊಳ್ಳು ಸದ್ದು ಬಂದ್ರೆ ಅಲ್ಲಿ ಆಳನ್ನ ಹತ್ತಿಸ್ಬೇಡಿ. ಇನ್ನು ಮಂಗ. ಎಷ್ಟೇ ಚೆನ್ನಾಗಿ ಹಂಚು ಜೋಡಿಸಿದ್ರೂ ಜುಲೈನಲ್ಲಿ ಒಂದು ಹಿಂಡು ಬಂದು ಅಡ್ಡಾಡಿ ಹೋದ್ರೆ ನಾಲ್ಕಾದ್ರೂ ಹೋಗತ್ತೆ, ಅದಕ್ಕೇ 50 ಹಂಚು ಸ್ಪೇರ್ ಇರ್ಲಿ, ಒಳಗಿಂದ್ಲೇ ಜಾರಿಸಿ ಹಾಕೋದು ಮನೇಲಿ ಒಬ್ರಾದ್ರೂ ಕಲ್ತಿರ್ಲಿ.

ಗೋಡೆಗೆ ಬರೋಣ. ಹೊಸಬ್ರಿಗೆ ಗೊತ್ತಾಗ್ದೇ ಇರೋದು ಏನಂದ್ರೆ ಇಲ್ಲಿ ಮಳೆ ಮೇಲಿಂದ ಕೆಳಗೆ ಬರಲ್ಲ, ಪಡುವಣ ಗಾಳಿ ಜೊತೆ ಅಡ್ಡಡ್ಡ ಬರತ್ತೆ. ಆ ಎರಚಲು ಮಣ್ಣಿನ ಗೋಡೆಗೆ ಹದಿನೈದು ದಿನ ಬಿಟ್ರೆ ಗೋಡೆ ಗಂಜಿ. ಹಿಂದೆ ಪಡುವಣ ದಿಕ್ಕಿಗೆ ಅಡಿಕೆ ಸೋಗೆ ಹೆಣೆದು ಮನೆ ಸುತ್ತ ತಟ್ಟಿ ಕಟ್ತಿದ್ರು, ಈಗ ಎಲ್ರೂ ಪ್ಲಾಸ್ಟಿಕ್ ತಾಡಪಾಲು, ಅಡಿಕೆಗೆ ಹಾಕೋ ಹಸಿರು ನೆಟ್ಟು. ನನ್ನ ಕೇಳಿದ್ರೆ ಸೋಗೆ ತಟ್ಟೀನೇ ಒಳ್ಳೇದು, ಅದರೊಳಗೆ ಗಾಳಿ ಆಡತ್ತೆ, ಗೋಡೆ ಒಣಗತ್ತೆ, ತಾಡಪಾಲು ಕಟ್ಟಿದ್ರೆ ಒಳಗೆ ಬೂಸ್ಟು, ಗಾಳಿ ಬಂದಾಗ ರಾತ್ರಿಯಿಡೀ ಪಟಪಟ ಅಂತ ನಿದ್ದೆ ಇಲ್ಲ. ಆದ್ರೆ ಸೋಗೆ ಹೆಣೆಯೋಕೆ ಟೈಮ್ ಬೇಕು, ಜನ ಬೇಕು, ಅದಿಲ್ದಿದ್ರೆ ತಾಡಪಾಲೇ ಸರಿ, ಕಟ್ಟುವಾಗ ಗೋಡೆಗೆ ಅಂಟಿಸದೆ ಎರಡಡಿ ದೂರ ಬಿಡಿ.

ಈಗ ಧರೆ ವಿಷಯ, ಧರೆ ಅಂದ್ರೆ ಗುಡ್ಡ ಕಡಿದ ಕಡೆ ಮನೆ ಹಿಂದೆ ನಿಲ್ಲೋ ಮಣ್ಣಿನ ಗೋಡೆ. ಸೋರಿದ್ರೆ ಬಕೆಟ್ ಇಡಬೋದು, ಧರೆ ಜರಿದ್ರೆ ಏನೂ ಮಾಡೋಕಾಗಲ್ಲ, ಅದಕ್ಕೇ ಇದನ್ನ ಸ್ವಲ್ಪ ಉದ್ದ ಹೇಳ್ತೀನಿ. ನಮ್ಮ ಮನೆಗಳೆಲ್ಲಾ ಗುಡ್ಡದ ಬುಡದಲ್ಲಿರೋದು, ಹಿಂದುಗಡೆ ಎಂಟು ಹತ್ತಡಿ ಧರೆ ಇದ್ದೇ ಇರತ್ತೆ. ಹಿಂದಿನೋರು ಅದನ್ನ ಗುದ್ದಲೀಲಿ ವರ್ಷಕ್ಕೆ ಒಂಚೂರು ಕಡಿದು, ಇಳಿಜಾರು ಬಿಟ್ಟು, ಮೇಲೆ ಗಿಡ ಹುಲ್ಲು ಉಳಿಸ್ಕೊಂಡು ಬಂದಿದ್ರು. ಈಗ ಏನಾಗಿದೆ ಅಂದ್ರೆ ಪಾರ್ಕಿಂಗ್ ಬೇಕು, ಹೋಮ್‌ಸ್ಟೇಗೆ ಜಾಗ ಬೇಕು ಅಂತ ಏಪ್ರಿಲ್ ಮೇನಲ್ಲಿ ಜೆಸಿಬಿ ತರಿಸಿ ಒಂದೇ ದಿನದಲ್ಲಿ ಇಪ್ಪತ್ತಡಿ ನೆಟ್ಟಗೆ ಗೋಡೆ ಥರ ಕಡಿದು ಹಾಕ್ತಾರೆ, ಮಣ್ಣಿನ್ನೂ ಸೆಟ್ ಆಗಿಲ್ಲ, ಬೇರು ಹಿಡಿದಿಲ್ಲ, ಒಂದೇ ತಿಂಗಳಿಗೆ ಮೇಲಿಂದ ಆ ಮಳೆ. ಜರೀದೇ ಇನ್ನೇನು ಮಾಡತ್ತೆ. ಧರೆ ಕಡೀಲೇಬೇಕಂದ್ರೆ ಮಳೆ ಮುಗಿದ ಕೂಡ್ಲೇ, ನವೆಂಬರ್ ಡಿಸೆಂಬರ್‌ನಲ್ಲಿ ಕಡೀರಿ, ಮೆಟ್ಟಿಲು ಮೆಟ್ಟಿಲಾಗಿ ಕಡೀರಿ, ಮುಂದಿನ ಮಳೆಗೆ ಆರು ತಿಂಗಳು ಸಿಗತ್ತೆ. ಕಡಿದ ಮಣ್ಣನ್ನ ಕೆಳಗಿನ ಇಳಿಜಾರಿಗೆ ಸುರಿದು ಅಂಗಳ ದೊಡ್ಡದು ಮಾಡೋರೂ ಇದಾರೆ, ಆ ಅಂಗಳ ಕೆಳಗಿನೋರ ತೋಟಕ್ಕೆ ಹೋಗಿ ಬೀಳತ್ತೆ ಅಷ್ಟೆ.

ಇರೋ ಧರೆಗೆ ಮಾಡಬೇಕಾದ್ದು, ಮೇಲ್ಗಡೆ ಅಂಚಿಂದ ನಾಲ್ಕೈದಡಿ ಹಿಂದೆ ಒಂದು ಚರಂಡಿ ತೆಗೆದು ಗುಡ್ಡದ ನೀರನ್ನ ಪಕ್ಕಕ್ಕೆ ತಿರುಗಿಸೋದು, ಮೇನಲ್ಲಿ ಅದರ ಕಸ ತೆಗೆಯೋದು, ಮಳೆ ನಡುವೆನೂ ವಾರಕ್ಕೊಂದ್ಸಲ ಹೋಗಿ ನೋಡೋದು. ಧರೆ ಮೇಲೆ ಬಚ್ಚಲು ನೀರಿನ ಗುಂಡಿ, ಟಾಯ್ಲೆಟ್ ಗುಂಡಿ ಇಡಬೇಡಿ. ಮಳೆ ಹಿಡಿದ ಮೇಲೆ ಈ ನಾಲ್ಕು ಕಂಡ್ರೆ ಆ ಕಡೆ ರೂಮಲ್ಲಿ ಮಲಗೋದು ಬಿಟ್ಟು ಬೇರೆ ಮನೆಗೆ ಹೋಗಿ: ಧರೆ ಮೇಲೆ ನೆಲ ಉದ್ದಕ್ಕೆ ಬಿರುಕು ಬಿಟ್ಟಿರೋದು, ನೆಟ್ಟಗಿದ್ದ ಮರ ವಾಲಿರೋದು, ಧರೆ ಬುಡದಲ್ಲಿ ತಿಳಿಯಾಗಿ ಬರ್ತಿದ್ದ ಜಲ ಇದ್ದಕ್ಕಿದ್ದಂಗೆ ಕೆಂಪಾಗಿರೋದು, ನಿನ್ನೆವರೆಗೂ ಸರಿ ಇದ್ದ ಬಾಗಿಲು ಇವತ್ತು ಕೂರದೇ ಇರೋದು. ಮನೆ ನೆಲದಲ್ಲೇ ಜಲ ಏಳೋದು ಬೇರೆ, ಅದು ಹಳೇ ಮನೆಗಳಲ್ಲಿ ಆಗ್ತಾನೇ ಇರತ್ತೆ, ಗೋಣಿ ಹಾಸಿ ಒರೆಸ್ತಾ ಇದ್ರೆ ಆಯ್ತು, ಅದಕ್ಕೆ ಹೆದರ್ಬೇಡಿ.

ಕಟ್ಟಿಗೆ. ಗ್ಯಾಸ್ ಇದೆಯಲ್ಲಾ ಅಂತೀರಿ. ಗ್ಯಾಸ್ ಅಡುಗೆಗೆ ಸರಿ, ಎರಡು ಸಿಲಿಂಡರ್ ತುಂಬಿಸಿ ಇಟ್ಕೊಳ್ಳಿ, ಆದ್ರೆ ಹಂಡೆ ನೀರು ಕಾಯಿಸೋಕೆ, ಬಟ್ಟೆ ಒಣಗಿಸೋಕೆ, ಮೈ ಬೆಚ್ಚಗೆ ಮಾಡ್ಕೊಳ್ಳೋಕೆ ಬೆಂಕಿನೇ ಬೇಕು. ಫೆಬ್ರವರಿ ಮಾರ್ಚಲ್ಲಿ ಒಡೆದ ಕಟ್ಟಿಗೆ ಮೇ ಹೊತ್ತಿಗೆ ಒಣಗಿರತ್ತೆ, ಮೇನಲ್ಲಿ ಒಡೆದಿದ್ದು ಆಗಸ್ಟಲ್ಲೂ ಹೊಗೆನೇ. ನಾಲ್ಕು ಜನದ ಮನೆಗೆ ಎರಡು ಪಿಕಪ್ ಲೋಡ್ ಬೇಕಾಗತ್ತೆ ಅಂತ ನನ್ನ ಅಂದಾಜು, ಬಚ್ಚಲ ಒಲೆ ದಿನಾ ಉರಿಸೋರಿಗೆ ಮೂರು. ಅದರ ಜೊತೆ ಹೊತ್ತಿಸೋಕೆ ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ, ಒಣಗಿದ ಅಡಿಕೆ ಹಾಳೆ ನಾಲ್ಕು ಚೀಲ. ಬೆಂಕಿಪೊಟ್ಟಣ ಡಬ್ಬಿಲಿ ಹಾಕಿ ಒಲೆ ಹತ್ರನೇ ಇಡಿ, ಅಂಗಡಿ ಪ್ಯಾಕೆಟ್ಟಲ್ಲೇ ಕಪಾಟಲ್ಲಿಟ್ರೆ ಜುಲೈಗೆ ಒಂದು ಕಡ್ಡಿನೂ ಗೀರಲ್ಲ.

ಬಟ್ಟೆ ಒಣಗೋದು ದೊಡ್ಡ ತಲೆನೋವು. ಜೀನ್ಸ್ ತರಲೇಬೇಡಿ, ಅದು ಗಣೇಶ ಹಬ್ಬದ ತನಕ ಒಣಗಲ್ಲ. ಬಚ್ಚಲ ಒಲೆ ಮೇಲೆ ಅಡ್ಡಕ್ಕೆ ಎರಡು ಗಳ ಕಟ್ಟಿ ಅದರ ಮೇಲೆ ಹರವೋದು, ಮಕ್ಕಳ ಬಟ್ಟೆ ಆದ್ರೆ ಕೆಂಡದ ಮೇಲೆ ದೊಡ್ಡ ಬಿದಿರು ಬುಟ್ಟಿ ಕವುಚಿ ಹಾಕಿ ಅದರ ಮೇಲೆ, ಯಾರಾದ್ರೂ ಪಕ್ಕದಲ್ಲೇ ಕೂತಿರ್ಬೇಕು. ಎಲ್ಲಾ ಬಟ್ಟೆಗೂ ಹೊಗೆ ವಾಸನೆ ಬರತ್ತೆ, ವಿಡಿಯೋ ಕಾಲಲ್ಲಿ ವಾಸನೆ ಹೋಗಲ್ಲ ಬಿಡಿ. ರೇಷ್ಮೆ ಸೀರೆ, ಕ್ಯಾಮೆರಾ, ಸರ್ಟಿಫಿಕೇಟು ಇವೆಲ್ಲಾ ಬೂಸ್ಟು ಹಿಡಿಯೋ ಐಟಮ್ಸು, ಒಂದು ಟ್ರಂಕಲ್ಲಿ ಹಾಕಿ ಅಡುಗೆಮನೆ ಅಟ್ಟದ ಮೇಲೆ, ಒಲೆ ಶಾಖ ತಾಗೋ ಜಾಗದಲ್ಲಿಡಿ.

ಊಟದ ಸಾಮಾನು ಜೋಡಿಸೋದನ್ನ ನಮ್ಮಮ್ಮ ಹೇಳಬೇಕು, ನಾನು ಹೊತ್ತು ತರೋನು ಅಷ್ಟೆ. ಆದ್ರೂ ನೋಡಿದ್ದನ್ನ ಹೇಳ್ತೀನಿ. ಅಕ್ಕಿ, ಬೇಳೆ, ಮೆಣಸಿನಕಾಯಿ, ಕೊತ್ತಂಬರಿ, ಹುಣಸೆಹಣ್ಣು ಏನೇ ಇದ್ರೂ ಮೇ ಬಿಸಿಲಿಗೆ ಎರಡು ದಿನ ಹಾಕಿ ಆಮೇಲೆ ಡಬ್ಬಿಗೆ. ಉಪ್ಪು ಭರಣೀಲಿ, ಇಲ್ದಿದ್ರೆ ನೀರಾಗತ್ತೆ. ಹಲಸಿನಕಾಯಿ ಹಪ್ಪಳ ಮೇ ಮುಗಿಯೋದ್ರೊಳಗೆ ಒಣಗಿರ್ಬೇಕು, ಹಪ್ಪಳ ಇಲ್ಲದೇ ಪುಷ್ಯ ಮಳೆ ಕಳೆಯೋದು ಹೆಂಗೆ ಅಂತ ನಂಗಂತೂ ಗೊತ್ತಿಲ್ಲ. ಹಲಸಿನ ಸೊಳೆ ಉಪ್ಪುನೀರಲ್ಲಿ ಹಾಕಿಟ್ರೆ ಆಗಸ್ಟಲ್ಲಿ ಪಲ್ಯ, ರೊಟ್ಟಿಗೆ ಆಗತ್ತೆ, ಬೀಜಕ್ಕೆ ಕೆಮ್ಮಣ್ಣು ಹಚ್ಚಿ ಇಟ್ರೆ ತಿಂಗಳುಗಟ್ಲೆ ಕೆಡಲ್ಲ. ಸಾಂಬಾರ್ ಸೌತೆಕಾಯಿನ ಬಾಳೆಪಟ್ಟೆಲಿ ಕಟ್ಟಿ ಅಟ್ಟದ ಜಂತಿಗೆ ನೇತು ಹಾಕಿದ್ರೆ ನಾಲ್ಕು ತಿಂಗಳು ತರಕಾರಿ ಚಿಂತೆ ಅರ್ಧ ಕಮ್ಮಿ. ಅಪ್ಪೆಮಿಡಿ ಉಪ್ಪಿನಕಾಯಿ ಹೇಗೂ ಇರತ್ತೆ. ಇನ್ನು ಮಳೆ ಬಂದ್ಮೇಲೆ ತಾನಾಗೇ ಬರೋದು ಬೇರೆ ಇದೆ, ಕೆಸುವಿನ ಪತ್ರೊಡೆ, ಕಳಲೆ, ಅಣಬೆ, ಗದ್ದೆ ಬದಿಯ ಏಡಿ, ಮೊದಲ ಮಳೆಗೆ ಹಳ್ಳ ಹತ್ತಿ ಬರೋ ಹತ್ತುಮೀನು. ಕಳಲೆ ಹೆಚ್ಚಿ ನೀರಲ್ಲಿ ಹಾಕಿ ದಿನಾ ನೀರು ಬದಲಾಯಿಸಿ ಎರಡು ಮೂರು ದಿನ ಬಿಟ್ಟೇ ಅಡುಗೆ ಮಾಡ್ಬೇಕು, ಹಸಿದರಲ್ಲಿ ವಿಷ ಇರತ್ತೆ. ಅಣಬೆ ಮಾತ್ರ ಊರಲ್ಲಿ ಗೊತ್ತಿರೋರು ಕೈಲಿ ಹಿಡಿದು ಸರಿ ಅಂದ್ರಷ್ಟೇ, ಮೊಬೈಲಲ್ಲಿ ಫೋಟೋ ಹಾಕಿ ಕೇಳೋ ಧೈರ್ಯ ಬೇಡ.

ನೀರಿಗೆ ಬಡತನ ಇಲ್ಲ ಅನ್ಕೊಂಡ್ರಾ? ಸುತ್ತ ನೀರೇ ನೀರು, ನಲ್ಲಿಲಿ ಹನಿ ಇಲ್ಲ, ಇದು ಜುಲೈನ ಮಾಮೂಲಿ. ನಮ್ಮದೆಲ್ಲಾ ಅಬ್ಬಿ ನೀರು, ಅಂದ್ರೆ ಗುಡ್ಡದ ಮೇಲಿಂದ ತಾನಾಗೇ ಇಳಿಯೋ ನೀರು, ಹಿಂದೆ ಅಡಿಕೆ ದಬ್ಬೇಲಿ (ಸೀಳಿದ ಅಡಿಕೆ ಮರದಲ್ಲಿ) ಹರಿದು ಬರ್ತಿತ್ತು, ಈಗ ಕಪ್ಪು ಪೈಪು. ಗುಡ್ಡದ ಮೇಲೆ ನೀರು ಹಿಡಿಯೋ ಬಾಯಿಗೆ ತೂತು ಕೊರೆದ ಬಕೆಟ್ಟು, ಅದರ ಸುತ್ತ ನೆಟ್ಟು ಸುತ್ತಿ ಜಲ್ಲಿಕಲ್ಲು ಹೇರಿಡಿ, ಇಲ್ದಿದ್ರೆ ಎಲೆ ಕಟ್ಟಿ ಎರಡು ದಿನಕ್ಕೊಂದ್ಸಲ ಇಂಬಳದ (ರಕ್ತ ಹೀರೋ ಜಿಗಣೆ) ಕಾಡಲ್ಲಿ ಹತ್ಬೇಕು. ಪೈಪನ್ನ ಹಳ್ಳದಲ್ಲಿ ಮಲಗಿಸ್ಬೇಡಿ, ಮರದಿಂದ ಮರಕ್ಕೆ ತಂತಿ ಕಟ್ಟಿ ಮೇಲಿಂದ ತನ್ನಿ. ಕುಡಿಯೋ ನೀರು ಕುದಿಸಿನೇ, ಎಷ್ಟೇ ತಿಳಿಯಾಗಿ ಕಂಡ್ರೂ.

ಕರೆಂಟ್ ಬಗ್ಗೆ ಜಾಸ್ತಿ ಹೇಳಲ್ಲ, ಹೋದ್ರೆ ಹೋಯ್ತು. ಮರ ಬಿದ್ದು ಲೈನ್ ಕಟ್ಟಾದ್ರೆ ಒಂಟಿಮನೆ ಸರದಿ ಯಾವಾಗ್ಲೂ ಕೊನೆಗೆ, ಹೋದ ವರ್ಷ ನಮಗೆ ಹನ್ನೊಂದು ದಿನ ಇರ್ಲಿಲ್ಲ. ಇನ್ವರ್ಟರ್ ಇದ್ರೂ ಚಾರ್ಜ್ ಮಾಡೋಕೆ ಏನಾದ್ರೂ ಬೇಕಲ್ಲ, ಸೋಲಾರ್ ಆ ಮೋಡಕ್ಕೆ ನೆಚ್ಚೋ ಹಂಗಿಲ್ಲ. ಆದ್ರೆ ಬೇಸಿಗೇಲಿ ಇಲ್ಲದ ಒಂದು ಶಕ್ತಿ ಮಳೆಗಾಲದಲ್ಲಿ ಇದೆ, ಹಳ್ಳ. ಮಲೆನಾಡಲ್ಲಿ ಸುಮಾರು ಮನೆಗಳಲ್ಲಿ ಪಿಕೊ ಹೈಡ್ರೋ ಅಂತ ಸಣ್ಣ ಟರ್ಬೈನ್ ಇಟ್ಕೊಂಡಿದಾರೆ. ನಿಮ್ಮ ಜಾಗಕ್ಕೆ ಆಗತ್ತಾ ಅಂತ ನೋಡೋ ಲೆಕ್ಕ ಸುಲಭ: 20 ಮೀಟರ್ ಎತ್ತರದಿಂದ ನೀರು ಬಿದ್ದು, ಕೆಳಗೆ 10 ಲೀಟರ್ ಬಕೆಟ್ ಒಂದು ಸೆಕೆಂಡಲ್ಲಿ ತುಂಬೋ ಹಂಗಿದ್ರೆ ಅದರಲ್ಲಿರೋ ಶಕ್ತಿ ಹತ್ರ ಹತ್ರ 2 ಕಿಲೋವ್ಯಾಟ್, ಪೈಪು ಟರ್ಬೈನ್‌ನಲ್ಲಿ ಅರ್ಧ ಹೋದ್ರೂ 1 ಕಿಲೋವ್ಯಾಟ್ ಉಳಿಯತ್ತೆ, ಮನೆ ಲೈಟು, ಟಿವಿ, ಮಿಕ್ಸಿ, ಲ್ಯಾಪ್‌ಟಾಪಿಗೆ ಅಷ್ಟು ಸಾಕು. ವರ್ಕ್ ಫ್ರಮ್ ಹೋಮ್ ಅಂತ ಬರೋರು ಆಫೀಸಿಗೆ ಮೊದ್ಲೇ ಹೇಳಿಡಿ, ವಾರಕ್ಕೊಂದಿನ ನೆಟ್‌ವರ್ಕ್ ಗುಡ್ಡ ಹತ್ತಿ ಕೊಡೆ ಹಿಡ್ಕೊಂಡು ಮೀಟಿಂಗ್ ಅಟೆಂಡ್ ಮಾಡ್ಬೇಕಾಗ್ಬೋದು. ಶಾಲೆಗೆ ಮಳೆ ರಜೆ ಅಂತ ಡಿಸಿ ಬೆಳಗ್ಗೆ ಘೋಷಣೆ ಮಾಡಿದ್ದು ನಮ್ಮ ಮಕ್ಕಳಿಗೆ ಗೊತ್ತಾಗೋದು ನೆನ್ಕೊಂಡು ಶಾಲೆ ಬಾಗಿಲಿಗೆ ಹೋದ್ಮೇಲೆ.

ಸಂಕ ಅಂದ್ರೆ ಹಳ್ಳ ದಾಟೋಕೆ ಅಡಿಕೆ ಮರ ಅಡ್ಡ ಹಾಕಿ ಮಾಡೋ ಕಾಲ್ದಾರಿ. ಪ್ರತಿ ವರ್ಷ ಮೇನಲ್ಲಿ ಹೊಸದಾಗೇ ಹಾಕ್ಬೇಕು, ಹೋದ ವರ್ಷದ ಮರ ನೋಡೋಕೆ ಗಟ್ಟಿ ಇದ್ರೂ ಒಳಗೆ ಕುಂಬಾಗಿರತ್ತೆ. ಆರೇಳು ಮರ ಒತ್ತೊತ್ತಾಗಿ, ಎರಡೂ ಕಡೆ ಕೈಹಿಡಿ, ತಂತಿ ಬಿಗಿದು ಕಟ್ಟಿ. ಹಳ್ಳದ ಬಂಡೆಗೆ ಪೇಂಟಲ್ಲಿ ಒಂದು ಗೆರೆ ಹೊಡೀರಿ, ನೀರು ಗೆರೆ ದಾಟಿದ್ರೆ ಯಾರೂ ದಾಟಲ್ಲ ಅಂತ ಮನೇಲಿ ರೂಲ್ ಮಾಡಿ. ನಮ್ಮ ಕಡೆ ಮಳೆಗಾಲದಲ್ಲಿ ಸತ್ತೋರ ಸುದ್ದಿ ಕೇಳಿದ್ರೆ ಅದರಲ್ಲಿ ಸಂಕದಿಂದ ಜಾರಿದ್ದು ಇದ್ದೇ ಇರತ್ತೆ, ಅದೂ ದಿನಾ ದಾಟಿ ಅಭ್ಯಾಸ ಇದ್ದೋರೇ. ಶರಾವತಿ ಹಿನ್ನೀರ ಕಡೆಯೋರ ಕಷ್ಟ ಇನ್ನೊಂಥರ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ್ಮೇಲೆ ತುಮರಿ ಸುತ್ತಮುತ್ತಲಿನ ಊರುಗಳು ದ್ವೀಪದ ಥರ ಆಗಿ ಲಾಂಚನ್ನೇ ನಂಬ್ಕೊಂಡಿದ್ವು, 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಓಪನ್ ಆಯ್ತು, ಅಷ್ಟರಲ್ಲಿ ಒಂದು ತಲೆಮಾರು ಮುದುಕರಾಗಿತ್ತು. ಅಂಥ ಸೇತುವೆ ನಮ್ಮ ಹಳ್ಳಕ್ಕೆ ಬರಲ್ಲ, ಅಡಿಕೆ ಮರನೇ ಗತಿ.

ಅಂಗಳಕ್ಕೂ ಹಂಗೇ, ಪಾಚಿ ಕಟ್ಟಿ ಜಾರತ್ತೆ. ಬಾಗಿಲಿಂದ ಕೊಟ್ಟಿಗೆ, ಬಚ್ಚಲಿಗೆ ಹೋಗೋ ದಾರೀಲಿ ಸೋಗೆ ಹಾಸಿ, ಅಥವಾ ಅಡಿಕೆ ದಬ್ಬೆ ಜೋಡಿಸಿ. ಸಿಮೆಂಟ್ ಅಂಗಳ ಆದ್ರೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ. ವಯಸ್ಸಾದೋರು ಇರೋ ಮನೇಲಿ ಇದನ್ನ ಮೊದಲ ಕೆಲಸ ಅಂತ ಬರ್ಕೊಳ್ಳಿ, ಈಗ ಹೆಚ್ಚಿನ ಮನೇಲಿ ಇರೋರು ವಯಸ್ಸಾದೋರೇ ಅಲ್ವಾ, ಸೊಂಟದ ಮೂಳೆ ಮುರಿದ್ರೆ ಎತ್ಕೊಂಡು ಹೋಗೋಕೆ ನಾಲ್ಕು ಜನ ಹುಡುಗ್ರು ಊರಲ್ಲಿಲ್ಲ.

ತೋಟ ಇರೋರಿಗೆ ಕೊಳೆ ಔಷಧಿ, ಅಂದ್ರೆ ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ. ಮಳೆ ಹಿಡಿಯೋದ್ರೊಳಗೆ ಒಂದು ಸಲ, 40-45 ದಿನಕ್ಕೆ ಬಿಡುವು ನೋಡಿ ಇನ್ನೊಂದು ಸಲ. ಬೋರ್ಡೋ ಅಂದ್ರೆ 1 ಕೆಜಿ ಮೈಲುತುತ್ತ 50 ಲೀಟರ್ ನೀರಲ್ಲಿ, 1 ಕೆಜಿ ಸುಣ್ಣ 50 ಲೀಟರಲ್ಲಿ, ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಲ್ಲಿ ಕರಗಿಸಿ ಆಮೇಲೆ ಸೇರಿಸೋದು. ಸ್ವಚ್ಛ ಕತ್ತಿ ಒಂದು ಅದ್ದಿ ನೋಡಿ, ಕೆಂಪಗೆ ತಾಮ್ರ ಹಿಡಿದ್ರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಹಾಕಿ. ಮಾಡಿದ ದಿನವೇ ಹೊಡೆದು ಮುಗಿಸಿ. ಮರ ಹತ್ತೋ ಕೊನೆಗೌಡ್ರು ಸಿಗ್ದಿದ್ರೆ ನೆಲದಿಂದ್ಲೇ ಹೊಡೆಯೋ ಕಾರ್ಬನ್ ಫೈಬರ್ ದೋಟಿ (ಉದ್ದನೆ ಕೋಲು) ಇರೋರನ್ನ ಹಿಡೀರಿ, ಬುಕಿಂಗ್ ಏಪ್ರಿಲ್‌ನಲ್ಲೇ.

ಕೊಟ್ಟಿಗೆ ಇದ್ರೆ ಹಾಸೋಕೆ ದರಗು (ಒಣಎಲೆ) ಬೇಕು, ಅದನ್ನ ಕಾಡಿಂದ ತರೋದು ಬೇಸಿಗೇಲಿ, ಅಲ್ಲೊಂದು ಎಚ್ಚರಿಕೆ. ಮಂಗನ ಕಾಯಿಲೆ ಅನ್ನೋದು 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದ್ಲು ಗೊತ್ತಾಗಿದ್ದು, ಉಣುಗಿಂದ (ಉಣ್ಣೆ ಹುಳ) ಬರೋದು, ಡಿಸೆಂಬರಿಂದ ಮೇ ತನಕ ಜಾಸ್ತಿ, ಅಂದ್ರೆ ಸರಿಯಾಗಿ ನಾವು ದರಗು ಗುಡಿಸೋ ಹೊತ್ತಲ್ಲೇ. ಉಣುಗು ಹತ್ತದ ಹಂಗೆ ಆರೋಗ್ಯ ಇಲಾಖೆಯೋರು ಕೊಡೋ ಡೇಪಾ ಎಣ್ಣೆ ಕೈಕಾಲಿಗೆ ಹಚ್ಕೊಂಡೇ ಹೋಗಿ, ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ, ಬಟ್ಟೆ ಬಿಸಿನೀರಿಗೆ. ಮಂಗ ಸತ್ತು ಬಿದ್ದಿದ್ರೆ ಮುಟ್ಟಬೇಡಿ, ಆ ಕಡೆ ಹೋಗ್ಬೇಡಿ, ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ.

ಇಂಬಳಕ್ಕೆ, ನಮ್ಮ ಕಡೆ ಉಂಬಳ ಅಂತೀವಿ, ಯಾರೂ ಸತ್ತಿಲ್ಲ. ಹೊಗೆಸೊಪ್ಪು ನೆನೆಸಿದ ತೆಂಗಿನೆಣ್ಣೆ ಕಾಲಿಗೆ ಹಚ್ಕೊಳ್ಳಿ, ಹತ್ತಿದ್ರೆ ಒಂದು ಚಿಟಿಕೆ ಉಪ್ಪೋ ಸುಣ್ಣವೋ ಮುಟ್ಟಿಸಿ, ತಾನೇ ಬಿಡತ್ತೆ, ಎಳೆದು ಕಿತ್ರೆ ತುರಿಕೆ ಹದಿನೈದು ದಿನ. ಗಮ್‌ಬೂಟ್ ಹಾಕೋ ಮೊದ್ಲು ತಲೆಕೆಳಗೆ ಮಾಡಿ ಕೊಡವಿ, ಬೆಚ್ಚಗಿರೋ ಜಾಗ ಹುಡುಕೋದು ನೀವೊಬ್ರೇ ಅಲ್ಲ. ಹಾವು ಕಚ್ಚಿದ್ರೆ ಕಟ್ಟೋದು, ಕೊಯ್ಯೋದು, ನಾಟಿ ಔಷಧಿ ಅಂತ ಟೈಮ್ ಕಳೆಯೋದು ಯಾವುದೂ ಬೇಡ, ಕಚ್ಚಿದ ಭಾಗ ಅಲ್ಲಾಡಿಸದೆ ಆಸ್ಪತ್ರೆಗೆ. ನಮ್ಮಲ್ಲಿ ಸಿಗೋ ಇಂಜೆಕ್ಷನ್ ಕೆಲಸ ಮಾಡೋದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ, ಆದ್ರೂ ಯಾವ ಹಾವು ಅಂತ ಹುಡುಕ್ತಾ ಕೂರ್ಬೇಡಿ, ಅದನ್ನ ಡಾಕ್ಟರ್ ನೋಡ್ಕೋತಾರೆ. ಆ ಇಂಜೆಕ್ಷನ್ ಯಾವ ಆಸ್ಪತ್ರೇಲಿ ಸ್ಟಾಕ್ ಇದೆ ಅಂತ ಮೇನಲ್ಲೇ ವಿಚಾರಿಸಿ ಗೋಡೆ ಮೇಲೆ ಬರೆದಿಡಿ. ನಾನು ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ ಒಂದ್ಸಲ ಅಪ್ಪಯ್ಯನ್ನ ರಾತ್ರಿ ಕರ್ಕೊಂಡು ಹೋದ ಮೊದಲ ಆಸ್ಪತ್ರೇಲಿ ಅದು ಇರ್ಲಿಲ್ಲ, ಎರಡನೇದಕ್ಕೆ ಇನ್ನೂ ಒಂದೂವರೆ ಗಂಟೆ ದಾರಿ, ಅಪ್ಪಯ್ಯ ಉಳ್ಕೊಂಡ್ರು, ಆದ್ರೆ ಆ ಒಂದೂವರೆ ಗಂಟೆ ನಂಗೆ ಈಗ್ಲೂ ನೆನಪಿದೆ.

108ಕ್ಕೆ ಫೋನ್ ಮಾಡಿದ್ರೆ ಗಾಡಿ ಬರತ್ತೆ, ಟಾರ್ ರೋಡ್ ಮುಗಿಯೋ ತನಕ. ಅಲ್ಲಿಂದ ಮನೆಗೆ ಯಾರ ಜೀಪು, ಡ್ರೈವರ್ ನಂಬರ್ ಏನು, ಜೀಪೂ ಬರ್ದಿದ್ರೆ ಕಂಬಳಿ ಜೋಲಿ ಕಟ್ಟೋಕೆ ಗಟ್ಟಿ ಗಳ ಎಲ್ಲಿದೆ, ಇದು ಮೂರೂ ಗೊತ್ತಿರ್ಲಿ. ಮನೇಲಿ ಬಸುರಿ ಇದ್ದು ಹೆರಿಗೆ ತಿಂಗಳು ಜುಲೈ ಆಗಸ್ಟಿಗೆ ಬಿದ್ರೆ ಒಂದು ತಿಂಗಳು ಮೊದ್ಲೇ ತೀರ್ಥಹಳ್ಳಿಯೋ ಸಾಗರವೋ ಶಿವಮೊಗ್ಗವೋ, ಎಲ್ಲಿ ನೆಂಟರಿದಾರೋ ಅಲ್ಲಿಗೆ ಕಳಿಸಿಬಿಡಿ. ಬಿಪಿ, ಶುಗರ್ ಮಾತ್ರೆ ಮೂರು ತಿಂಗಳಿಗಾಗುವಷ್ಟು ತಂದಿಡಿ.

ಚಿಕ್ಕಪ್ಪನ ಮಗ ಇಷ್ಟೆಲ್ಲಾ ಕೇಳಿ, ಹಂಗಾದ್ರೆ ಅಕ್ಟೋಬರಲ್ಲಿ ಬರ್ಲಾ ಅಂದ. ಬೇಡ, ಮೇ ಹತ್ತಕ್ಕೆ ಬಾ, ಬರ್ತಾ ಎರಡು ಒಳ್ಳೇ ಟಾರ್ಚು, ಒಂದು ಬಂಡಲ್ ಜಿಐ ತಂತಿ ತಗೊಂಡು ಬಾ, ಸಂಕ ಒಟ್ಟಿಗೆ ಹಾಕೋಣ ಅಂದೆ.